ಅಡಿಕೆ ಕೊನೆ ಕೊಯ್ಲೂ ಕ್ರಿಸ್ಮಸ್ಸೂ ಒಟ್ಟಿಗೆ ಬಂದಾಗ ಮನೆಯನ್ನು ಓರಣವಾಗಿ ಇಟ್ಟುಕೊಳ್ಳುವುದು ಹೇಗೆ?

ಮಂಡಗದ್ದೆ ಸೊಸೆ
ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ರಸ್ತೆಯಲ್ಲಿ ಮಂಡಗದ್ದೆಯ ಹತ್ತಿರ ನಮ್ಮ ಮನೆ. ಮೂರು ಎಕರೆ ಅಡಿಕೆ ತೋಟವಿದೆ. ನಾನು ಈ ಮನೆಗೆ ಸೊಸೆಯಾಗಿ ಬಂದು ಒಂಬತ್ತು ವರ್ಷವಾಯಿತು. ಡಿಸೆಂಬರ್ ಬಂತೆಂದರೆ ಈಗಲೂ ಎದೆ ಡವಗುಟ್ಟುತ್ತದೆ. ಹಬ್ಬದ ಮೇಲೆ ನನಗೆ ಬೇಸರವಿಲ್ಲ. ಆದರೆ ಕೊನೆ ಕೊಯ್ಲು (ಅಡಿಕೆ ಗೊನೆ ಇಳಿಸುವ ಕೆಲಸ) ಮತ್ತು ಕ್ರಿಸ್ಮಸ್ ಎರಡೂ ಒಂದೇ ಜಗಲಿಗೆ ಒಂದೇ ವಾರದಲ್ಲಿ ಬಂದು ಕೂರುತ್ತವಲ್ಲ, ಅದೇ ಕಷ್ಟ.

ಹೋದ ವರ್ಷ ಡಿಸೆಂಬರ್ 22ರ ರಾತ್ರಿ ಎಂಟು ಜನ ಜಗಲಿಯಲ್ಲಿ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುತ್ತಿದ್ದರು, ಹಿತ್ತಲಿನಲ್ಲಿ ಅಡಿಕೆ ಬೇಯಿಸುವ ಚೊಗರಿನ ಹಂಡೆ ಕುದಿಯುತ್ತಿತ್ತು, ನಾನು ಒಳಗೆ ಕಿಡಿಯೋ ಎಂಬ ಸುರುಳಿ ತಿಂಡಿ ಮಾಡಲು ಹಿಟ್ಟು ನಾದುತ್ತಿದ್ದೆ. ಹಗಲೆಲ್ಲ ಅಡಿಕೆ ಮುಟ್ಟಿದ ಬೆರಳುಗಳು ಕಂದು ಬಣ್ಣಕ್ಕೆ ತಿರುಗಿದ್ದವು. ಬಿಳಿ ಹಿಟ್ಟಿನ ಮೇಲೆ ಆ ಬೆರಳುಗಳ ಗುರುತು ಬಿದ್ದದ್ದನ್ನು ಕಂಡು ಅತ್ತೆ ಏನೂ ಹೇಳಲಿಲ್ಲ, ಪಾತ್ರೆಯನ್ನು ಸುಮ್ಮನೆ ತಮ್ಮ ಕಡೆಗೆ ಎಳೆದುಕೊಂಡರು. ಬೈದಿದ್ದರೆ ಚೆನ್ನಾಗಿತ್ತು. ಅಷ್ಟರಲ್ಲಿ ಕ್ಯಾರಲ್ ತಂಡದವರು ಬಂದರು. ಅವರಿಗೆ ನಿಲ್ಲಲು ಜಾಗವಿರಲಿಲ್ಲ, ಸಿಪ್ಪೆಯ ರಾಶಿಯ ಪಕ್ಕದಲ್ಲಿ ನಿಂತು ಹಾಡಿ ಹೋದರು. ಅಟ್ಟದಿಂದ ಇಳಿಸಿದ ದೀಪದ ಸರವನ್ನು ಇಲಿ ಕಡಿದಿತ್ತು. 24ರ ಮಧ್ಯರಾತ್ರಿ ಚರ್ಚಿನ ಬಲಿಪೂಜೆಯಲ್ಲಿ ನಾನು ಕುಳಿತಲ್ಲೇ ನಿದ್ದೆಹೋದೆ.

ಈ ಸಲ (2025ರಲ್ಲಿ) ಕ್ರಿಸ್ಮಸ್‌ಗೆ ಸಿದ್ಧವಾಗುವ ಆಗಮನ ಕಾಲದ ಮೊದಲ ಭಾನುವಾರ ನವೆಂಬರ್ 30ಕ್ಕೇ ಬರುತ್ತದೆ. ಡಿಸೆಂಬರ್ 25 ಗುರುವಾರವಾದ್ದರಿಂದ ಶುಕ್ರವಾರ ಒಂದು ರಜೆ ಹಾಕಿದವರಿಗೆ ನಾಲ್ಕು ದಿನ ಒಟ್ಟಿಗೆ ಸಿಗುತ್ತದೆ, ಹಾಗಾಗಿ ಬೆಂಗಳೂರಿನಿಂದ ನಾದಿನಿಯ ಸಂಸಾರ ಬರುವುದು ಖಾತ್ರಿಯಾಗಿದೆ. ಮನೆ ಅರಮನೆಯಂತೆ ಕಾಣಬೇಕೆಂಬ ಆಸೆ ನನಗಿಲ್ಲ. ಬಲಿಪೂಜೆಯಲ್ಲಿ ಎಚ್ಚರವಾಗಿದ್ದರೆ ಸಾಕು. ನೀವೆಲ್ಲ ಹೇಗೆ ನಿಭಾಯಿಸುತ್ತೀರಿ?

ದುರ್ಗಿಗುಡಿ ಟೀಚರ್
ಮೊದಲು ಒಂದು ಹಳೆಯ ನೋಟ್‌ಬುಕ್ ತೆಗೆದುಕೊಳ್ಳಿ. ನಾನು ಹನ್ನೆರಡು ವರ್ಷಗಳಿಂದ ಒಂದೇ ಪುಸ್ತಕದಲ್ಲಿ ಬರೆಯುತ್ತಿದ್ದೇನೆ: ಎಷ್ಟು ಕಿಲೋ ಮೈದಾ ತಂದೆ, ಎಷ್ಟು ಉಳಿಯಿತು, ಯಾರ ಮನೆಗೆ ತಟ್ಟೆ ಹೋಯಿತು, ಯಾವ ತಿಂಡಿ ಜನವರಿಯವರೆಗೆ ಡಬ್ಬಿಯಲ್ಲೇ ಕೂತಿತ್ತು. ನಾಲ್ಕು ವರ್ಷದ ಲೆಕ್ಕ ನೋಡಿದಾಗ, ನಮ್ಮ ಮನೆಯಲ್ಲಿ ಯಾರೂ ಇಷ್ಟಪಡದ ಗುಳಿಯೊ ಎಂಬ ತಿಂಡಿಯನ್ನು ಪ್ರತಿ ವರ್ಷ ಎರಡು ಕಿಲೋ ಮಾಡುತ್ತಿದ್ದೆನೆಂಬುದು ಗೊತ್ತಾಗಿ ನನಗೇ ನಗು ಬಂತು. ಈಗ ಮಾಡುವುದಿಲ್ಲ.

ಎರಡನೆಯದು, ಕುಸ್ವಾರನ್ನು (ಕ್ರಿಸ್ಮಸ್ ತಿಂಡಿಗಳನ್ನು) ಹಾಳಾಗುವ ಕ್ರಮ ನೋಡಿ ಮಾಡಬೇಕು. ತುಕ್ಡಿ, ಕಿಡಿಯೋ, ಚಕ್ಕುಲಿಯಂಥ ಒಣ ತಿಂಡಿಗಳನ್ನು ಡಿಸೆಂಬರ್ ಎರಡನೇ ವಾರದಲ್ಲೇ ಮುಗಿಸಬಹುದು. ನೆವ್ರಿಗೆ (ಕರ್ಜಿಕಾಯಿಗೆ) ಹುರಿಗಡಲೆ, ಎಳ್ಳು, ಸಕ್ಕರೆಯ ಹೂರಣ ತುಂಬಿದರೆ ಬಾಳಿಕೆ ಬರುತ್ತದೆ, ಹಸಿ ತೆಂಗಿನಕಾಯಿ ತುಂಬಿದರೆ ಮಾತ್ರ 23ಕ್ಕಿಂತ ಮೊದಲು ಕೈ ಹಾಕಬೇಡಿ. ರಮ್ಮಿನಲ್ಲಿ ಒಣಹಣ್ಣು ನೆನೆಸಿ ಮಾಡುವ ಕೇಕು ಇಟ್ಟಷ್ಟೂ ರುಚಿಯಾಗುವುದರಿಂದ ಅದನ್ನು ಕೊನೆಯ ವಾರಕ್ಕೆ ಉಳಿಸಿಕೊಳ್ಳುವುದರಲ್ಲಿ ಅರ್ಥವೇ ಇಲ್ಲ. ಶಿವಮೊಗ್ಗದ ಗಾಂಧಿ ಬಜಾರಿಗೆ ಡಿಸೆಂಬರ್ ಹತ್ತರೊಳಗೆ ಒಂದು ಮಂಗಳವಾರವೋ ಬುಧವಾರವೋ ಬಂದು ಹೋಗಿ. 20ರ ನಂತರ ಅಲ್ಲಿ ಕಾಲಿಡುವುದೂ ಕಷ್ಟ.

ಗೋಪಾಳದ ಒಂಟಿ
ಬೇಕರಿಯಿಂದ ತರಿಸಿ ಡಬ್ಬಿಗೆ ಹಾಕಿಬಿಡಿ ಅಕ್ಕ, ಯಾರಿಗೆ ಗೊತ್ತಾಗುತ್ತದೆ?

ಸಾಗರದ ಅಜ್ಜಿ
ಮಗನೇ, ಬಾಯಿಗೆ ಗೊತ್ತಾಗುತ್ತದೆ. ಆದರೂ ನಿನ್ನ ಮಾತನ್ನು ಪೂರ್ತಿ ತಳ್ಳಿಹಾಕುವುದಿಲ್ಲ. ನನಗೀಗ ಎಪ್ಪತ್ಮೂರು. ಕೇಕನ್ನು ನಾಲ್ಕು ವರ್ಷಗಳಿಂದ ಅಂಗಡಿಯಿಂದಲೇ ತರಿಸುತ್ತೇನೆ, ಗುಲಾಬಿ ಹೂವಿನ ಅಚ್ಚಿನ ತಿಂಡಿಯನ್ನು ಮಾತ್ರ ಯಾರಿಗೂ ಬಿಟ್ಟುಕೊಟ್ಟಿಲ್ಲ.

ಸೊಸೆಯಮ್ಮ, ನಿನ್ನ ಅತ್ತೆ ಪಾತ್ರೆ ಎಳೆದುಕೊಂಡದ್ದು ಕೋಪದಿಂದಲೇ ಇರಬೇಕೆಂದಿಲ್ಲ. ನಿನ್ನ ಕೈ ನೋಡಿ ಪಾಪ ಎನಿಸಿರಬಹುದು. ಹಾಗೆಂದು ಬಾಯಿಬಿಟ್ಟು ಹೇಳುವ ಅಭ್ಯಾಸ ನಮ್ಮ ಕಾಲದವರಿಗೆ ಇರಲಿಲ್ಲ. ಈ ಸಲ ಹಿಟ್ಟು ನಾದುವ ಕೆಲಸವನ್ನು ಮೊದಲೇ ಅವರಿಗೆ ಒಪ್ಪಿಸಿ ನೋಡು.

ಇನ್ನೊಂದು ಮಾತು. ಕರಿದ ತಿಂಡಿ ಪೂರ್ತಿ ಆರುವ ಮೊದಲು ಡಬ್ಬಿಗೆ ತುಂಬಬೇಡ. ಒಳಗೆ ಹಬೆ ನಿಂತರೆ ಮೂರೇ ದಿನಕ್ಕೆ ಮೆತ್ತಗಾಗುತ್ತದೆ, ಮತ್ತೆ ಮಾಡಬೇಕಾಗುತ್ತದೆ. ಒಂದು ಕೆಲಸವನ್ನು ಎರಡು ಸಲ ಮಾಡುವ ಮನೆಯಲ್ಲಿ ನೆಮ್ಮದಿ ಎಲ್ಲಿಂದ ಬರಬೇಕು?

ಹೊಸನಗರದ ತೋಟದಮನೆ
ನಮ್ಮದು ಕ್ರಿಸ್ಮಸ್ ಆಚರಿಸುವ ಮನೆಯಲ್ಲ, ಆದರೆ ಅಡಿಕೆಯ ಮನೆಯಾದ್ದರಿಂದ ಆ ಕಡೆಯಿಂದ ಹೇಳುತ್ತೇನೆ. ಗೊಂದಲಕ್ಕೆ ಮೂಲ ಜಗಲಿಯಲ್ಲಿದೆ, ನೀವೆಲ್ಲ ಅಡುಗೆಮನೆಯಲ್ಲಿ ಹುಡುಕುತ್ತಿದ್ದೀರಿ. ಕೊಯ್ದು ಕೆಳಗಿಳಿಸಿದ ಕೊನೆಯನ್ನು ಕಾಯಿಸಲು ಆಗುವುದಿಲ್ಲ. ಬೇಗ ಸುಲಿದು ಬೇಯಿಸದಿದ್ದರೆ ಅಡಿಕೆ ಕೆಡುತ್ತದೆ. ಮರದ ಮೇಲಿರುವ ಕೊನೆ ಮಾತ್ರ ಕೆಲವು ದಿನ ಕಾಯುತ್ತದೆ. ಹೇಗೂ ಎಲ್ಲ ಕೊನೆಗಳೂ ಒಟ್ಟಿಗೆ ಬಲಿಯುವುದಿಲ್ಲ, ಮೂರು ನಾಲ್ಕು ಸುತ್ತಿನಲ್ಲಿ ಕೊಯ್ಯುತ್ತೇವೆ. ಆದ್ದರಿಂದ ಒಂದು ಸುತ್ತು 17, 18ರೊಳಗೆ ಮುಗಿಯುವಂತೆ, ಮುಂದಿನ ಸುತ್ತು 29ಕ್ಕೆ ಶುರುವಾಗುವಂತೆ ಕೊನೆ ಕೊಯ್ಯುವವರ ಹತ್ತಿರ ಈಗಲೇ ಮಾತಾಡಿ ದಿನ ಗೊತ್ತುಮಾಡಿಕೊಳ್ಳಿ. ಸ್ವಲ್ಪ ಅಡಿಕೆ ಬಲಿತು ರಾಶಿ ದರ್ಜೆಗೆ ಬದಲು ಕಡಿಮೆ ಬೆಲೆಯ ಗೊರಬಲಿಗೆ ಹೋದೀತು. ಆ ನಷ್ಟವನ್ನು ಹಬ್ಬದ ಖರ್ಚೆಂದು ಬರೆದುಕೊಳ್ಳಿ.

ನಮಗೂ ಡಿಸೆಂಬರ್ 16ರಿಂದ ಧನುರ್ಮಾಸ. ಬೆಳಗಿನ ಜಾವದ ಪೂಜೆ, ಹುಗ್ಗಿಯ ನೈವೇದ್ಯ, ಅದರ ಮೇಲೆ ರಾತ್ರಿ ಹನ್ನೊಂದರವರೆಗೆ ಸುಲಿತ. ನಿದ್ದೆಗೆಡುವುದರಲ್ಲಿ ಜಾತಿಮತದ ಭೇದವಿಲ್ಲ.

ಪೇಪರ್‌ಟೌನ್ ನಿವೃತ್ತ
ತೋಟವನ್ನು ಚೇಣಿಗೆ (ಫಸಲಿನ ಗುತ್ತಿಗೆಗೆ) ಕೊಟ್ಟುಬಿಟ್ಟರೆ ಇಡೀ ರಗಳೆಯೇ ತಪ್ಪುತ್ತದಲ್ಲ? ಚೇಣಿಯವರು ಬಂದು ಕೊಯ್ದುಕೊಂಡು ಹೋಗುತ್ತಾರೆ, ನಿಮ್ಮ ಜಗಲಿ ನಿಮಗೆ.

ಮಂಡಗದ್ದೆ ಸೊಸೆ
ಸರ್, ಎರಡು ವರ್ಷ ಕೊಟ್ಟು ನೋಡಿದೆವು. ಜಗಲಿ ಖಾಲಿಯಿತ್ತು, ಕೈಯೂ ಖಾಲಿಯಿತ್ತು. ಮೂರು ಎಕರೆಯವರಿಗೆ ಅದು ಕಟ್ಟುವುದಿಲ್ಲ.

ತೋಟದಮನೆಯವರ ಸಲಹೆ ಹಿಡಿಸಿತು. ಹಬ್ಬಕ್ಕೆ ಕೊಯ್ಲನ್ನು ಹೊಂದಿಸಬಹುದೆಂದು ನಮ್ಮ ಮನೆಯಲ್ಲಿ ಯಾರೂ ಯೋಚಿಸಿಯೇ ಇರಲಿಲ್ಲ. ಇಂದು ರಾತ್ರಿ ಊಟಕ್ಕೆ ಕೂತಾಗ ಮಾತು ತೆಗೆಯುತ್ತೇನೆ.

ಬಾಳೆಹೊನ್ನೂರು ಕಾಫಿ
ಇಷ್ಟು ಹೊತ್ತು ಓದಿದೆ. ನೋಟ್‌ಬುಕ್ ಬರೆಯುವವರು ಹೆಂಗಸರು, ಹಿಟ್ಟು ನಾದುವವರು ಹೆಂಗಸರು, ರಾತ್ರಿ ಸುಲಿಯುವುದಕ್ಕೂ ಹೆಂಗಸರೇ ಕುಳಿತಿದ್ದಾರೆ. ಮನೆಯ ಗಂಡಸರು ಎಲ್ಲಿದ್ದಾರೆಂದು ಯಾರೂ ಕೇಳಲಿಲ್ಲವಲ್ಲ? ನಮ್ಮಲ್ಲಿ ಈಗ ಅರೇಬಿಕಾ ಹಣ್ಣು ಕೊಯ್ಲು ನಡೆಯುತ್ತಿದೆ, ಕಣದ ತುಂಬ ಕಾಫಿ ಹರಡಿದೆ. ಆದರೂ ಮೂರು ವರ್ಷಗಳ ಹಿಂದೆ ನಾನು ಒಂದು ಮಾತು ಹೇಳಿಬಿಟ್ಟೆ: ಹಬ್ಬದ ಪಾತ್ರೆ ತೊಳೆಯುವ ಕೆಲಸ ನನ್ನದಲ್ಲ. ಮೊದಲ ವರ್ಷ 25ರ ಸಂಜೆ ಏಳರವರೆಗೂ ಪಾತ್ರೆಗಳು ಬಚ್ಚಲಿನಲ್ಲಿ ಹಾಗೆಯೇ ಬಿದ್ದಿದ್ದವು. ನಾನೂ ಅಲುಗಾಡಲಿಲ್ಲ. ಕೊನೆಗೆ ಮೈದುನ ಪ್ಯಾಂಟು ಮಡಚಿಕೊಂಡು ಎದ್ದ. ಎಷ್ಟೇ ಡಬ್ಬಿ ಜೋಡಿಸಿದರೂ ದುಡಿಯುವ ಕೈ ಎರಡೇ ಇದ್ದರೆ ಮನೆಗೆ ಶಾಂತಿ ಬರುವುದಿಲ್ಲ.

ಕೊಪ್ಪದ ಯಜಮಾನ
ಮೇಡಂ, ಗಂಡಸರು ಸುಮ್ಮನೆ ಕುಳಿತಿದ್ದಾರೆಂದು ಯಾರು ಹೇಳಿದರು? ಬೆಳಗ್ಗೆ ಆರಕ್ಕೆ ತೋಟಕ್ಕೆ ಹೋದರೆ ಕತ್ತಲಾದ ಮೇಲೆ ಮನೆ ಸೇರುತ್ತೇವೆ. ಕೊನೆ ಹೊರುವುದು, ಬೇಯಿಸಿದ ಅಡಿಕೆಯನ್ನು ಹರಡುವುದು, ಮೋಡ ಕಂಡರೆ ಓಡಿಹೋಗಿ ಮುಚ್ಚುವುದು, ಇವೆಲ್ಲ ಕೆಲಸವಲ್ಲವೇ?

ಬಾಳೆಹೊನ್ನೂರು ಕಾಫಿ
ಕೆಲಸವೇ ಸರ್, ಅಲ್ಲವೆಂದು ನಾನು ಹೇಳಲಿಲ್ಲ. ಮನೆ ಸೇರಿದ ಮೇಲೆ ನೀವು ಏನು ಮಾಡುತ್ತೀರಿ ಎಂಬುದಷ್ಟೇ ನನ್ನ ಪ್ರಶ್ನೆ.

ಕೊಪ್ಪದ ಯಜಮಾನ
ನಕ್ಷತ್ರ ಕಟ್ಟುತ್ತೇನೆ.

ಸಾಗರದ ಅಜ್ಜಿ
ಒಂದು ನಕ್ಷತ್ರ ಕಟ್ಟಲು ನಾಲ್ಕು ಗಂಟೆ, ಏಣಿ ಹಿಡಿಯಲು ಮೂರು ಜನ, ನಡುವೆ ಎರಡು ಸಲ ಕಾಫಿ. ನಮ್ಮ ಮನೆಯವರೂ ಹಾಗೇ ಇದ್ದರು, ದೇವರು ಅವರಿಗೆ ಶಾಂತಿ ಕೊಡಲಿ.

ಆರಗದ ಹುಡುಗ
ಜಾಗದ ವಿಷಯಕ್ಕೆ ಬರುತ್ತೇನೆ. ಯೇಸುವಿನ ಜನನ ತೋರಿಸುವ ಗೋದಲಿಯನ್ನು ಮನೆಯ ಹಾಲ್‌ನಲ್ಲಿ ಇಟ್ಟರೆ ಇಪ್ಪತ್ತು ದಿನ ಒಂದು ಮೂಲೆ ಹೋಯಿತೆಂದೇ ಲೆಕ್ಕ. ಮಕ್ಕಳು ಕುರಿಗಳನ್ನು ಎತ್ತಿಕೊಂಡು ಹೋಗುತ್ತಾರೆ, ನೆಲದ ತುಂಬ ಹುಲ್ಲು ಮತ್ತು ಮರದ ಪುಡಿ. ಎರಡು ವರ್ಷಗಳಿಂದ ನಾವು ಅದನ್ನು ಕೊಟ್ಟಿಗೆಯಲ್ಲೇ ಇಡುತ್ತಿದ್ದೇವೆ. ನಿಜವಾದ ಗೋದಲಿಯೇ ಇರುವಾಗ ಒಳಗೆ ಸುಳ್ಳಿನದೊಂದು ಯಾಕೆ? ಗೋದಲಿ ಕಟ್ಟುವುದನ್ನು ಶುರುಮಾಡಿದ ಸಂತ ಫ್ರಾನ್ಸಿಸ್ಸರು ಕೂಡ 1223ರಲ್ಲಿ ಇಟಲಿಯ ಗ್ರೆಚ್ಚಿಯೊ ಎಂಬಲ್ಲಿ ದನ ಮತ್ತು ಕತ್ತೆಯ ಮಧ್ಯೆ ಸುಂದರವಾದ ಗೊಂಬೆಗಳನ್ನು ಜೋಡಿಸಿದ್ದರಂತೆ.

ದುರ್ಗಿಗುಡಿ ಟೀಚರ್
ತಮ್ಮಾ, ಗ್ರೆಚ್ಚಿಯೊದಲ್ಲಿ ಗೊಂಬೆಗಳಿರಲಿಲ್ಲ. ಹುಲ್ಲು ತುಂಬಿದ ಒಂದು ಗೋದಲಿ, ಜೀವಂತ ಎತ್ತು ಮತ್ತು ಕತ್ತೆ, ಸುತ್ತ ಊರಿನ ಜನ, ಅಲ್ಲೇ ಬಲಿಪೂಜೆ. ಅಷ್ಟೇ ಇದ್ದದ್ದು. ಗೊಂಬೆ ಜೋಡಿಸುವ ರೂಢಿ ಆಮೇಲೆ ಬಂದದ್ದು. ಹಾಗೆ ನೋಡಿದರೆ ನಿಮ್ಮ ಕೊಟ್ಟಿಗೆ ನಮ್ಮ ಹಾಲ್‌ಗಿಂತ ಮೂಲಕ್ಕೆ ಹತ್ತಿರವಾಗಿದೆ.

ಆರಗದ ಹುಡುಗ
ತಿದ್ದಿದ್ದಕ್ಕೆ ಧನ್ಯವಾದಗಳು ಟೀಚರ್. ಕೊಟ್ಟಿಗೆಯಲ್ಲಿ ಇಡುವವರಿಗೆ ಒಂದು ಎಚ್ಚರಿಕೆಯನ್ನೂ ಹೇಳಬೇಕು. ನಾವು ಹಸಿರಿಗೆಂದು ಅಡಿಕೆ ಹಾಳೆಯಲ್ಲಿ ಮಣ್ಣು ತುಂಬಿ, ರಾತ್ರಿ ನೆನೆಸಿದ ರಾಗಿಯನ್ನು ಡಿಸೆಂಬರ್ 13ಕ್ಕೇ ಬಿತ್ತಿದ್ದೆವು. ಚಳಿಗೆ ಮೊಳಕೆ ನಿಧಾನವಾದ್ದರಿಂದ ಎರಡು ದಿನ ಮುಂಚೆಯೇ ಬಿತ್ತುವುದು ಒಳ್ಳೆಯದು. 24ರ ಬೆಳಗ್ಗೆ ಬೆರಳುದ್ದದ ಪೈರು ಅಚ್ಚ ಹಸಿರಾಗಿ ನಿಂತಿತ್ತು. ಮಧ್ಯಾಹ್ನ ನೋಡಿದರೆ ಬೆತ್ಲೆಹೇಮಿನ ಬಯಲು ಬೋಳಾಗಿದೆ, ನಮ್ಮ ಗೌರಿ ಜೋಸೆಫರ ಪಕ್ಕದಲ್ಲಿ ನಿಂತು ಮೆಲುಕು ಹಾಕುತ್ತಿದ್ದಾಳೆ. ಅವಳಿಗೆ ಕೈಗೆಟುಕದಂತೆ ಅಡ್ಡ ಬಿದಿರು ಕಟ್ಟಬೇಕು.

ಗೋಪಾಳದ ಒಂಟಿ
ಹಸುವಿಗೆ ಕೈ ಎಲ್ಲಿಂದ ಬಂತು ಮಾರಾಯ!

ಆರಗದ ಹುಡುಗ
ಸರಿ, ಬಾಯಿಗೆಟುಕದಂತೆ.

ಆಗುಂಬೆ ಮಳೆ
ಅಟ್ಟದ ಬಗ್ಗೆ ಯಾರೂ ಮಾತಾಡಲಿಲ್ಲ. ನಮ್ಮಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ. ಜನವರಿಯಲ್ಲಿ ಅಟ್ಟಕ್ಕೆ ಹಾಕಿದ ರಟ್ಟಿನ ಪೆಟ್ಟಿಗೆ ಅಕ್ಟೋಬರಿನಲ್ಲಿ ಕೈಗೆ ಬರುವಷ್ಟರಲ್ಲಿ ಬೂಸಲು ಹಿಡಿದ ಹಪ್ಪಳದಂತಾಗಿರುತ್ತದೆ. ಅಲಂಕಾರದ ಸಾಮಾನನ್ನು ರಟ್ಟಿನಲ್ಲಿ ಇಡುವುದನ್ನು ಬಿಡಿ. ಮುಚ್ಚಳ ಬಿಗಿಯಾಗಿ ಕೂರುವ ತಗಡಿನ ಡಬ್ಬಿಗೆ ಹಾಕಿದರೆ ಇಲಿಯೂ ಮುಟ್ಟುವುದಿಲ್ಲ. ನವೆಂಬರಿನ ಮೊದಲ ಒಳ್ಳೆಯ ಬಿಸಿಲಿಗೆ ಎಲ್ಲವನ್ನೂ ಅಂಗಳದಲ್ಲಿ ಒಂದು ಹೊತ್ತು ಹರಡಿ. ದೀಪದ ಸರವನ್ನು ಆಗಲೇ ಉರಿಸಿ ನೋಡಿ, 24ರ ಸಂಜೆಯಲ್ಲ.

ಸರಗಳು ಗಂಟಾಗುವುದಕ್ಕೆ ನಮ್ಮ ತಂದೆಯವರ ಉಪಾಯ ಬಹಳ ಸುಲಭದ್ದು. ಅಡಿಕೆ ದಬ್ಬೆಯನ್ನು (ಮರದ ಸೀಳನ್ನು) ಒಂದೂವರೆ ಅಡಿಗೆ ಕಡಿದು, ಸಿಬಿರು ಹೋಗುವಂತೆ ಚೆನ್ನಾಗಿ ಹೆರೆದು, ಎರಡು ತುದಿಯಲ್ಲೂ ಕಚ್ಚು ಮಾಡಿ, ಹಗ್ಗ ಸುತ್ತಿದ ಹಾಗೆ ಸುತ್ತಿಡುವುದು. ಒಂದು ಸರಕ್ಕೆ ಒಂದು ದಬ್ಬೆ. ಬಿಚ್ಚುವಾಗ ದಬ್ಬೆ ಹಿಡಿದುಕೊಂಡು ಜಗಲಿಯ ಉದ್ದಕ್ಕೂ ನಡೆದರೆ ಆಯಿತು. ಮೊದಲು ನಮ್ಮ ಮನೆಯಲ್ಲಿ ಪ್ರತಿ ವರ್ಷ ಆಗುತ್ತಿದ್ದ ಜಗಳ ದಬ್ಬೆ ಬಂದ ಮೇಲೆ ನಿಂತಿದೆ, ಈಗ ಬೇರೆ ವಿಷಯಕ್ಕೆ ಜಗಳವಾಡುತ್ತೇವೆ.

ತುಮರಿ ಹಿನ್ನೀರು
ನಿಮಗೆಲ್ಲ ನೆಂಟರದ್ದೇ ಚಿಂತೆಯಾದರೆ ನಮ್ಮ ಕಥೆ ಕೇಳಿ. ಶರಾವತಿ ಹಿನ್ನೀರು ದಾಟಿಸುವ ಲಾಂಚ್ ಇದ್ದ ಕಾಲದಲ್ಲಿ ನೆಂಟರು ಮಧ್ಯಾಹ್ನ ಊಟ ಮುಗಿಸಿದವರೇ ಗಡಿಯಾರ ನೋಡುತ್ತಿದ್ದರು. ಕೊನೆಯ ಲಾಂಚ್ ತಪ್ಪಿದರೆ ಆ ದಡದಲ್ಲಿರುವ ಕಾರಿನ ಗತಿಯೇನು ಎಂಬ ಭಯಕ್ಕೆ ಸಂಜೆಯೊಳಗೆ ಮನೆ ತಾನಾಗಿಯೇ ಖಾಲಿಯಾಗುತ್ತಿತ್ತು. 2025ರ ಜುಲೈನಲ್ಲಿ ಸೇತುವೆ ಆಯಿತು. ಈಗ ಫೋನು ಬರುತ್ತದೆ: ‘ರಾತ್ರಿ ಊಟಕ್ಕೆ ಬರುತ್ತೇವೆ, ಹೇಗೂ ಸೇತುವೆ ಇದೆಯಲ್ಲ.’ ಆಸ್ಪತ್ರೆಗೆ ಹೋಗುವವರಿಗೆ, ಶಾಲೆಗೆ ಹೋಗುವವರಿಗೆ ಅದರಿಂದ ಆಗಿರುವ ಉಪಕಾರವನ್ನು ಮರೆತು ಮಾತಾಡುತ್ತಿಲ್ಲ. ಆದರೆ ಲಾಂಚಿನಷ್ಟು ಮರ್ಯಾದೆಯಿಂದ ನೆಂಟರನ್ನು ಕಳಿಸಿಕೊಡುವ ವ್ಯವಸ್ಥೆ ಇನ್ನೊಂದಿಲ್ಲ.

ಪೇಪರ್‌ಟೌನ್ ನಿವೃತ್ತ
ನೆಂಟರು ನಾಲ್ಕು ದಿನ ಇದ್ದರೂ 26ರ ಬೆಳಗ್ಗೆಯೇ ಎಲ್ಲ ಅಲಂಕಾರ ಇಳಿಸಿಬಿಡಿ. ಹಬ್ಬ ಮುಗಿದ ಮೇಲೆ ಧೂಳು ಹಿಡಿಸಿಕೊಂಡು ಕೂರುವುದೇಕೆ? ಮನೆ ಅರ್ಧ ಸ್ವಚ್ಛವಾಗುತ್ತದೆ.

ಸಾಗರದ ಅಜ್ಜಿ
ಹಬ್ಬ 25ಕ್ಕೆ ಮುಗಿಯುತ್ತದೆಂದು ನಿಮಗೆ ಯಾರು ಹೇಳಿದರು? ಕ್ರಿಸ್ಮಸ್ ಕಾಲ ಶುರುವಾಗುವುದೇ ಅಂದು. ಮೂವರು ಜ್ಞಾನಿಗಳ ಹಬ್ಬ ದಾಟಿ ಪ್ರಭುವಿನ ಜ್ಞಾನಸ್ನಾನದ ಭಾನುವಾರದವರೆಗೆ, ಅಂದರೆ ಈ ಸಲ ಜನವರಿ 11ರವರೆಗೆ ಅದು ನಡೆಯುತ್ತದೆ. ನಾವೆಲ್ಲ ಡಿಸೆಂಬರ್ ಪೂರ್ತಿ ಓಡಾಡಿ ಸುಸ್ತಾಗಿ, ಹಬ್ಬ ಶುರುವಾಗುವ ಹೊತ್ತಿಗೆ ಮಲಗಿಬಿಡುತ್ತೇವೆ.

ಈ ಲೆಕ್ಕ ಮನೆ ನಡೆಸುವವರಿಗೆ ಬಹಳ ಉಪಯೋಗಕ್ಕೆ ಬರುತ್ತದೆ. ಎಲ್ಲರ ಮನೆಗೂ ಕುಸ್ವಾರಿನ ತಟ್ಟೆ 24ರ ಸಂಜೆಯೊಳಗೇ ತಲುಪಬೇಕೆಂಬ ಕಾನೂನಿಲ್ಲ. ನಾನು ಹತ್ತಿರದ ಬಳಗಕ್ಕೆ ಮೊದಲು ಕೊಟ್ಟು, ಉಳಿದವರ ಮನೆಗೆ ಹೊಸ ವರ್ಷದ ನಂತರ ಹೋಗಿ, ಕೂತು, ಮಾತಾಡಿ ಬರುತ್ತೇನೆ. ಆಗ ಅವರಿಗೂ ಪುರುಸೊತ್ತು, ನನಗೂ ಪುರುಸೊತ್ತು. ಸೊಸೆಯಮ್ಮ, ಊರಿನಲ್ಲೇ ಇರುವ ನೆಂಟರನ್ನು ನೀನು ಜನವರಿ 4ರ ಭಾನುವಾರಕ್ಕೆ ಕರೆ. ನಾದಿನಿಯ ಸಂಸಾರ ಇರುವಾಗಲೇ ಎಲ್ಲರನ್ನೂ ಒಟ್ಟುಮಾಡಿ ಮುಗಿಸಿಬಿಡೋಣ ಎಂದು ಹೊರಟೆಯೋ, ಕೆಟ್ಟೆ.

ಹೊಸನಗರದ ತೋಟದಮನೆ
ತಟ್ಟೆ ತೆಗೆದುಕೊಳ್ಳುವವರ ಕಡೆಯಿಂದ ಒಂದು ವಿನಂತಿ. ನಮ್ಮಂಥ ಸಸ್ಯಾಹಾರಿ ಮನೆಗಳಿಗೆ ಕಳಿಸುವಾಗ ಮೊಟ್ಟೆ ಹಾಕದ್ದನ್ನು ಬೇರೆ ಡಬ್ಬಿಯಲ್ಲಿ ತುಂಬಿ, ಮೇಲೊಂದು ಚೀಟಿ ಅಂಟಿಸಿದರೆ ಉಪಕಾರವಾಗುತ್ತದೆ. ನಮ್ಮ ಪಕ್ಕದ ಮನೆಯವರು ಇಪ್ಪತ್ತು ವರ್ಷಗಳಿಂದ ಹಾಗೆ ಮಾಡುತ್ತಿದ್ದಾರೆ. ಆ ಡಬ್ಬಿ ಸಂಕ್ರಾಂತಿಗೆ ಎಳ್ಳು ಬೆಲ್ಲ ತುಂಬಿಕೊಂಡು ವಾಪಸು ಹೋಗುತ್ತದೆ. ಅಂಚಿನಲ್ಲಿ ನೀಲಿ ಬಣ್ಣ ಹಾರಿಹೋದ ಹಳೆಯ ಬಿಸ್ಕತ್ತಿನ ಡಬ್ಬಿ ಅದು, ಈಗ ಯಾರದ್ದೆಂದು ಇಬ್ಬರಿಗೂ ನೆನಪಿಲ್ಲ.

ಹೆಸರು ಬೇಡ
ನಮ್ಮ ತಂದೆ ಆಗಸ್ಟಿನಲ್ಲಿ ತೀರಿಕೊಂಡರು. ಈ ವರ್ಷ ನಮ್ಮ ಮನೆಯಲ್ಲಿ ನಕ್ಷತ್ರ ಕಟ್ಟುವುದಿಲ್ಲ, ಎಣ್ಣೆಯ ಬಾಣಲೆ ಇಡುವುದಿಲ್ಲ. ಮನೆ ಎಷ್ಟು ಓರಣವಾಗಿದೆಯೆಂದರೆ ನೋಡಲು ಆಗುತ್ತಿಲ್ಲ. ಜಗಲಿಯಲ್ಲಿ ಸಿಪ್ಪೆಯ ರಾಶಿ, ಒಳಗೆ ಮಕ್ಕಳ ಗಲಾಟೆ ಇರುವವರು ಅದರ ಬಗ್ಗೆ ದೂರುವುದನ್ನು ಓದುತ್ತಾ ಕುಳಿತಿದ್ದೆ. ಬೇಸರದಿಂದ ಹೇಳುತ್ತಿಲ್ಲ, ಓದಲು ಹಿತವಾಗಿತ್ತು. ಮುಂದುವರಿಸಿ.

ಸಾಗರದ ಅಜ್ಜಿ
ಮಗೂ, ನೀನು ಸಾಗರದ ಕಡೆಯವಳಾದರೆ ನನಗೆ ಖಾಸಗಿಯಾಗಿ ಒಂದು ಸಾಲು ಬರೆ. ತಟ್ಟೆ ನಾನು ತರುತ್ತೇನೆ. ಮಾತಾಡಲೇಬೇಕೆಂದಿಲ್ಲ.

ಕೊಪ್ಪದ ಯಜಮಾನ
ಬಾಳೆಹೊನ್ನೂರು ಮೇಡಂ ಅವರ ಪ್ರಶ್ನೆಯನ್ನು ನಿನ್ನೆ ಮನೆಯಲ್ಲಿ ಓದಿ ಹೇಳಿದೆ. ನನ್ನ ಹೆಂಡತಿ ಏನೂ ಮಾತಾಡದೆ ಒಂದು ಚೀಟಿ ಬರೆದು ಫ್ರಿಜ್ಜಿಗೆ ಅಂಟಿಸಿದ್ದಾಳೆ. ಅದರಲ್ಲಿ ನನ್ನ ಪಾಲಿಗೆ ಮೂರು ಕೆಲಸಗಳಿವೆ: ತೆಂಗಿನಕಾಯಿ ಸುಲಿದು ತುರಿಯುವುದು, ಬರುವವರ ಹಾಸಿಗೆಗಳನ್ನು ಬಿಸಿಲಿಗೆ ಹಾಕಿ ತೆಗೆಯುವುದು, 25ರ ಊಟಕ್ಕೆ ಅಡಿಕೆ ಹಾಳೆಯ ತಟ್ಟೆ ತರುವುದು. ಹಾಳೆ ತಟ್ಟೆಯಾದರೆ ತೊಳೆಯುವ ರಗಳೆಯಿಲ್ಲ, ಇದು ಮಾತ್ರ ನನ್ನದೇ ಸಲಹೆ ಎಂದು ದಾಖಲಾಗಲಿ.

ಬಾಳೆಹೊನ್ನೂರು ಕಾಫಿ
ದಾಖಲಾಯಿತು. ಬಾಣಲೆಗಳು ಹಾಳೆಯವಲ್ಲ ಎಂಬುದೂ ದಾಖಲಾಗಲಿ.

ಮಂಡಗದ್ದೆ ಸೊಸೆ
ಎಲ್ಲರಿಗೂ ವಂದನೆಗಳು. ಊಟದ ಹೊತ್ತಿಗೆ ಮಾತು ತೆಗೆದೆ. ಕೊಯ್ಲಿನ ದಿನ ಬದಲಿಸಲು ಮಾವ ಮೊದಲು ಒಪ್ಪಲಿಲ್ಲ, ಗೊರಬಲಿಗೆ ಹೋಗುವ ಅಡಿಕೆಯ ನಷ್ಟವನ್ನು ಬೆರಳಲ್ಲಿ ಎಣಿಸಿ ತೋರಿಸಿದರು. ಅತ್ತೆ ಸಾರು ಬಡಿಸುತ್ತಾ, ‘ಹೋದ ವರ್ಷ ಪೂಜೆಯಲ್ಲಿ ಇವಳ ತಲೆ ನನ್ನ ಭುಜದ ಮೇಲಿತ್ತು’ ಎಂದಷ್ಟೇ ಹೇಳಿದರು. ಕೊಯ್ಲು 18ಕ್ಕೆ ನಿಲ್ಲುತ್ತದೆ. ಹಿಟ್ಟು ನಾದುವುದು ಅವರದ್ದು, ಕರಿಯುವುದು ನನ್ನದು, ಕಿಡಿಯೋ ಸುರುಳಿ ಸುತ್ತುವುದು ಮಕ್ಕಳದ್ದು. ಗುಳಿಯೊ ಇಲ್ಲ.

ಒಂದು ಸಂದೇಹ ಮಾತ್ರ ಉಳಿದಿದೆ. ಚಳಿಗೆ ಸನ್ನದ (ಇಡ್ಲಿಯಂಥ ತಿಂಡಿಯ) ಹಿಟ್ಟು ಹುದುಗುವುದೇ ಇಲ್ಲ. 25ರ ಬೆಳಗ್ಗೆ ನಾದಿನಿಯ ಮುಂದೆ ಕಲ್ಲಿನಂಥ ಸನ್ನ ಇಡುವ ಧೈರ್ಯ ನನಗಿಲ್ಲ.

ದುರ್ಗಿಗುಡಿ ಟೀಚರ್
ಈಸ್ಟನ್ನು ಉಗುರು ಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಸಕ್ಕರೆಯ ಜೊತೆ ಕದಡಿ, ನೊರೆ ಬಂದ ಮೇಲೆ ಹಿಟ್ಟಿಗೆ ಸೇರಿಸಿ. ನೀರು ಬಿಸಿ ಹೆಚ್ಚಾದರೆ ಈಸ್ಟ್ ಸಾಯುತ್ತದೆ, ತಣ್ಣಗಿದ್ದರೆ ಎಚ್ಚರವೇ ಆಗುವುದಿಲ್ಲ.

ಸಾಗರದ ಅಜ್ಜಿ
ಅಷ್ಟೆಲ್ಲ ಮಾಡಿದ ಮೇಲೂ ಪಾತ್ರೆಯನ್ನು ಅಡುಗೆಕಟ್ಟೆಯ ಮೇಲೆ ಇಟ್ಟರೆ ಏಳುವುದಿಲ್ಲ. ಬಚ್ಚಲುಮನೆಯ ಹಂಡೆ ಒಲೆಯ ಬೆಂಕಿ ಆರಿದ ಮೇಲೆ, ಅದರ ಪಕ್ಕದ ಕಟ್ಟೆಯ ಮೇಲೆ ಕಂಬಳಿ ಸುತ್ತಿ ಇಡು. ಪಾತ್ರೆ ಅರ್ಧ ಮಾತ್ರ ತುಂಬಿರಲಿ. ಕೆಳಗೊಂದು ತಟ್ಟೆ ಇಡುವುದನ್ನು ಮರೆಯಬೇಡ.

ಮಂಡಗದ್ದೆ ಸೊಸೆ
ಪರೀಕ್ಷೆಗೆಂದು ನಿನ್ನೆ ರಾತ್ರಿ ಒಂದು ಪಾವು ಹಿಟ್ಟು ಹಾಗೇ ಇಟ್ಟೆ. ಉಕ್ಕಿ ಕಂಬಳಿಗೆ ಅಂಟಿದೆ. ತಟ್ಟೆ ಇಡುವುದನ್ನು ಮರೆತಿದ್ದೆ ಅಜ್ಜಿ.